ಆರು ಸೂತು

ಮಾಲಾರದಲ್ಲಿ, ಆ ದೊಡ್ಡ ಮನೆಯ ಹಿಂದೆ,
ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲಿ ನಿಂತಿತ್ತು:
ಎಮ್ಮೆಕರುವಿಗಿಂತ ತುಸು ಎತ್ತರ,
ನಾಲ್ಕು ಗಾಲಿ, ಒಂದೇ ಸಿಲಿಂಡರು,
ಮಳೆನೀರು ಇಳಿದುಹೋಗಲೆಂದು ತೂತು ಕೊರೆದ
ಕಬ್ಬಿಣದ ಸೀಟು. ಸೀಟಿನ ಮೇಲೆ ಕಾವು ಕೂತ ಕೋಳಿ.
ಹೆಸರಿನ ತಗಡು ಇರಬೇಕಾದಲ್ಲಿ
ರಿವೆಟ್ಟಿನ ನಾಲ್ಕು ತೂತು, ಅಷ್ಟೇ.

‘ಯಾವ ಕಂಪನಿ?’ ಎಂದೆ.
‘ಪಪ್ಪಾ ತಂದದ್ದು’ ಎಂದರು ಎರ್ಮೆಲಿಂದಾ ಬಾಯಿ,
ಅದೇ ಕಂಪನಿಯ ಹೆಸರೆಂಬಂತೆ.

ಮಡಗಾಂವದ ನನ್ನ ಉಸ್ತಾದ ಬಡೇಖಾನ ಹೇಳುತ್ತಿದ್ದ:
‘ಬಣ್ಣ ನಂಬಬ್ಯಾಡಲೇ, ಬಣ್ಣ ಸುಳ್ಳು ಹೇಳತದ.
ಎರಕಾ ಕೇಳು. ಬೋಲ್ಟಿನ ತಲಿ ಕೇಳು.’
ಬ್ಲೇಡಿನಿಂದ ಕೆರೆದೆ.
ಮೇಲೆ ಕಿಟಕಿಗೆ ಬಳಿದು ಉಳಿದ ನೀಲಿ,
ಕೆಳಗೆ ಹಸಿರು, ಅದರ ಕೆಳಗೆ ಕಾವಿ,
ಎಲ್ಲಕ್ಕಿಂತ ಕೆಳಗೆ
ಹಣ್ಣಾದ ಅಡಿಕೆಯ ಬಣ್ಣದ್ದೊಂದು ಚೂರು.
ಹದಿಮೂರರ ಪಾನಾ ಕೂರುವುದಿಲ್ಲ,
ಹದಿನಾಲ್ಕರದು ಸುತ್ತಿ ಜಾರುತ್ತದೆ.
ಸರಿ, ವಿಲಾಯತಿ ಬೋಲ್ಟು, ಹಳೇ ಕಾಲದ್ದು.

ಗೇರ್ ಪೆಟ್ಟಿಗೆಯ ಹೊಟ್ಟೆಯಡಿ ಅಂಗಾತ ಮಲಗಿ
ಎರಕದ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲು ಉಜ್ಜಿದೆ.
ಕೊನೆಯದು ಮೂರೋ, ಎಂಟೋ.
ಪುಣೆಯ ನಾನಾ ಪೇಠೆಯ ಕಾತ್ರೇಕರರಿಗೆ ಫೋನು:
‘ಮೂರಾದರೆ ಗೋದಾಮಿನಲ್ಲಿ ಹುಡುಕಿಸುತ್ತೇನೆ,
ಎಂಟಾದರೆ ಕೈ ಮುಗಿದು ಎದ್ದುಬಿಡಿ.’
ಎಂಟೇ ಆಗಿತ್ತು.

ಎದ್ದುಬಿಡಲಿಲ್ಲ. ತೆರೆದೆ.
ಕಾಕಂಬಿಯಷ್ಟು ದಪ್ಪಗಾದ ಎಣ್ಣೆ,
ಅದರಲ್ಲಿ ಎಂದೋ ಬಿದ್ದ ಒಂದು ಜಿರಲೆ,
ಮತ್ತು ಶಾಫ್ಟಿನ ತುದಿಗೆ ಒಂದು ಹಿತ್ತಾಳೆ ಬುಶ್.
ಅದು ಬೇರೆ. ಕಂಪನಿಯದಲ್ಲ.
ಅರದ ಗೆರೆಗಳು ಇನ್ನೂ ಕಾಣುತ್ತಿದ್ದವು,
ಅಂಚಿನಲ್ಲಿ ಉಳಿಯಿಂದ ಚುಕ್ಕೆ ಚುಕ್ಕೆ ಬಡಿದ ಗುರುತು.
ಕಾತ್ರೇಕರರಿಗೆ ಫೋಟೋ: ‘ಫೌಂಡ್ರಿಯ ಮೊಹರು.’
ಬಾಯಿ ಕನ್ನಡಕ ಏರಿಸಿ: ‘ಪಪ್ಪಾನ ಸಹಿ.’
ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ
ಬೆಳಕಿಗೆ ತಿರುಗಿಸಿ, ತಲೆಕೆಳಗು ಹಿಡಿದೆ.

೬.

ಕೆರೂರಿನ ಸಾಲೆಯಲ್ಲಿ
ಬಾಲ ಯಾವ ಕಡೆಗೆ ಎಂದು ತಿಳಿಯದೆ
ಬೆರಳ ಗಂಟಿನ ಮೇಲೆ ಪೆಟ್ಟು ತಿಂದ ಅದೇ ಆರು.

ಆರು ಏನು? ಕ್ಯಾಲಿಪರ್ ಇಟ್ಟೆ,
ಹತ್ತೊಂಬತ್ತು ಮಿಲಿಮೀಟರು, ಮೇಲೊಂದು ಕೂದಲು.
ಒಳಗೂ ಹೊರಗೂ, ಯಾವ ಲೆಕ್ಕಕ್ಕೂ ಆರು ಬರಲಿಲ್ಲ.
ಚಹಾ ಆರಿತು. ಕೋಳಿ ಎದ್ದುಹೋಗಿ ತಿರುಗಿ ಬಂತು.
ಆಮೇಲೆ ಹೊಳೆಯಿತು, ನನಗೇ ನಗು:
ನನ್ನ ಉಸ್ತಾದ ಎಂದಾದರೂ ಮಿಲಿಮೀಟರು ಅಂದಿದ್ದನೆ?
ಎಂಟು ಸೂತಿಗೆ ಒಂದು ಇಂಚು.
ಆರು ಸೂತು, ಮುಕ್ಕಾಲು ಇಂಚು. ಕೂದಲಷ್ಟೂ ತಪ್ಪಿಲ್ಲ.

‘ಇದನ್ನು ಯಾರು ಮಾಡಿದ್ದು ಬಾಯಿ?’
‘ಒಬ್ಬನಿದ್ದ. ಮರ್ಮಗೋವಾ ಬಂದರಿನಲ್ಲಿ ಕೆಲಸ,
ಭಾನುವಾರ ಫೆರಿ ಹತ್ತಿ ಬರುತ್ತಿದ್ದ.
ಹೆಸರು ಗೊತ್ತಿಲ್ಲ. ಪಪ್ಪಾ ಅವನನ್ನು
ಘಾಟಿ ಎನ್ನುತ್ತಿದ್ದರು, ನಾವೂ...’
ಅಲ್ಲಿಗೆ ನಿಲ್ಲಿಸಿ
ಆರಿದ ಚಹಾ ಚೆಲ್ಲಿ ಬೇರೆ ತರಲು ಹೋದರು.

ಬುಶ್ ಒಂದು ಬದಿಗೆ ಸವೆದಿತ್ತು.
ಹೊಸದನ್ನು ಲೇಥಿನಲ್ಲಿ ಕಡೆಸಬಹುದಿತ್ತು, ಅರ್ಧ ತಾಸಿನ ಕೆಲಸ.
ಅರ ಹಿಡಿದು ಕೂತೆ. ಎರಡು ದಿನ.
ಅಂಚಿನಲ್ಲಿ ಉಳಿ ಇಟ್ಟು ಬಡಿದೆ, ಬಾಲ ಸರಿಯಾದ ಕಡೆಗೆ.
ಹಳೆಯದನ್ನು ಕಿಸೆಗೆ ಹಾಕಿಕೊಂಡೆ, ಕೇಳದೆಯೇ.

ಹಗ್ಗ ಸುತ್ತಿ ಎಳೆದರೆ ಮೊದಲು ಕೆಮ್ಮಿತು,
ನಾಲ್ಕನೆಯ ಎಳೆತಕ್ಕೆ ಹೊಗೆ, ಕೋಳಿಗಳೆಲ್ಲ ಸೂರಿನ ಮೇಲೆ.
ಸದ್ದಿನ ನಡುವೆ ಬಾಯಿ ಕೂಗಿದರು, ‘ಎಷ್ಟಾಯಿತು?’
ಆರುನೂರು ಎಂದೆ.
ಬೇರೆ ಅಂಕಿ ಬಾಯಿಗೆ ಬರಲಿಲ್ಲ,
ಸಾಮಾನಿನ ಖರ್ಚೇ ಅದಕ್ಕಿಂತ ಹೆಚ್ಚಾಗಿತ್ತು.

ವಹಿ ತೆಗೆದರು, ಪೆನ್ನು ಉದುರಿಸಿದರು.
ಮೂರು ವಾರದಲ್ಲಿ ಮೊದಲ ಸಲ ಕೇಳಿದರು:
‘ಹೆಸರು?’
ಯಮನೂರಪ್ಪ ಎಂದೆ.
ಎರಡು ಸಲ ಹೇಳಿಸಿ ಬರೆದುಕೊಂಡರು.
ಬಗ್ಗಿ ನೋಡಿದೆ, ನಡುವೆ ಒಂದಕ್ಷರ ಬಿಟ್ಟುಹೋಗಿತ್ತು.
ಇರಲಿ ಎಂದು, ಫೆರಿ ತಪ್ಪೀತೆಂದು,
ಪಾನಾಗಳನ್ನು ಗೋಣಿಗೆ ತುಂಬಿದೆ.